ಮಚ್ಛೆಯಾಚೆಯ ತಿಪ್ಪೆಗೊಂದು ದೀಪ

ನನ್ನ ಮಗ ಕಸ ಸುಟ್ಟು ಕರೆಂಟ್ ಮಾಡುವ ಪ್ಲಾಂಟಿನಲ್ಲಿ ಇಂಜಿನಿಯರ್. ಖಾನಾಪುರ ರಸ್ತೆಯಲ್ಲಿ ಮಚ್ಛೆ ದಾಟಿದ ಮೇಲೆ ಎಡಕ್ಕೆ ಅದರ ಚಿಮಣಿ ಕಾಣುತ್ತದೆ. ಬೆಳಗಾವಿಯ ಮನೆಗಳ ಕಸ, ಹೋಟೆಲು ಅಂಗಡಿಗಳ ಕಸ, ಎಲ್ಲ ಲಾರಿ ತುಂಬಿ ಅಲ್ಲಿಗೆ ಹೋಗುತ್ತದೆ. ಯಾರಾದರೂ ಕೇಳಿದರೆ ನಾನು, "ಪವರ್ ಸೆಕ್ಟರ್‌ನಲ್ಲಿದ್ದಾನೆ" ಎನ್ನುತ್ತೇನೆ. ಖಾನಾಪುರದಾಚೆ ಬೀಡಿ ಎಂಬ ನನ್ನ ಗಂಡನ ಊರಿನಲ್ಲಿರುವ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, "ನಮ್ಮ ಹುಡುಗ ಊರ ತಿಪ್ಪಿ ಉರಸತಾನ" ಎಂದು ಓಣಿಗೆಲ್ಲ ಹೇಳುತ್ತಾಳೆ. ಮಗನಿಗೆ ಹಿಡಿಸುವುದು ಅವಳ ಮಾತೇ. ನಾನು ಹೇಳಿದ್ದಕ್ಕೆ ಸುಮ್ಮನೆ ನಗುತ್ತಾನೆ. ಅವಳು ಹೇಳಿದ್ದನ್ನು ಫ್ರೆಂಡ್ಸ್ ಎದುರು ಹೇಳಿಕೊಂಡು ನಗುತ್ತಾನೆ. ವ್ಯತ್ಯಾಸ ನನಗೆ ಗೊತ್ತಾಗುವುದಿಲ್ಲವೇ?

ದೀಪಾವಳಿ ಹತ್ತಿರ ಬಂದಾಗ ಅವನು ಚಹಾ ಕುಡಿಯುತ್ತ, "ಮಮ್ಮಿ, ಪಾಡ್ಯದ ದಿನಾ ದೊಡ್ಡವ್ವನ್ನ ಪ್ಲಾಂಟಿಗೆ ಕರಕೊಂಡ ಹೋಗಾಂವ ಅದೇನಿ. ತಿಪ್ಪಿ ದೀಪ ಇಡಾಕ" ಎಂದ.

ನಮ್ಮ ಕಡೆ ಪಾಡ್ಯದ ದಿನ ಹಿತ್ತಲಿನ ತಿಪ್ಪೆಗೂ ಒಂದು ಪಣತಿ ಇಡುತ್ತಾರೆ. ಬೆಳೆಗೆ ಗೊಬ್ಬರ ಕೊಡುವುದು ಅದೇ ತಾನೆ; ಆ ಒಂದು ದಿನ ಅದಕ್ಕೂ ಚೆಂಡುಹೂವು, ಅದಕ್ಕೂ ಬೆಳಕು. ಪ್ಲಾಂಟಿನ ಕೆಲಸಗಾರರಲ್ಲಿ ಖಾನಾಪುರ ಕಡೆಯವರೇ ಹೆಚ್ಚು. "ಇಷ್ಟ ದೊಡ್ಡ ತಿಪ್ಪಿ ಇಟಗೊಂಡು ದೀಪ ಇಡದ ಕುಂದರೂದು ಹ್ಯಾಂಗ್ರಿ ಸಾಹೇಬ್ರ?" ಎಂದು ಅವರು ಇವನ ಬೆನ್ನು ಹತ್ತಿದ್ದರಂತೆ.

"ಯಾಕ, ನಾ ಇಲ್ಲೇನು?" ಎಂದೆ.

"ನಿನಗ ವಾಸನಿ ತಡಿಯಂಗಿಲ್ಲಲ್ಲ ಮಮ್ಮಿ," ಎಂದ. ಪ್ರೀತಿಯಿಂದಲೇ ಹೇಳಿದ.

ಅತ್ತೆಯವರೂ ಪ್ರೀತಿಯಿಂದಲೇ ಹೇಳಿದ್ದರು. ಮದುವೆಯಾದ ಮೇಲಿನ ಮೊದಲ ದೀಪಾವಳಿ. ಬೀಡಿಯ ಮನೆಯಲ್ಲಿ ತಾಟು ಹಿಡಿದುಕೊಂಡು ಹಿತ್ತಲಿನ ಮೆಟ್ಟಿಲು ಇಳಿಯುತ್ತಿದ್ದೆ. "ನೀ ಒಳಗ ಕುಂದರವಾ, ಸಾಲಿ ಕಲತಾಕಿ. ಸೀರಿ ಹೊಲಸ ಆದೀತು," ಎಂದು ನನ್ನ ಕೈಯಿಂದ ತಾಟು ತೆಗೆದು ಹಿರಿಸೊಸೆಯ ಕೈಗೆ ಕೊಟ್ಟರು. ಕಾನ್ವೆಂಟಿನಲ್ಲಿ ಪ್ರೇಯರ್‌ಗೆ ಕ್ಯಾಂಡಲ್ ಹಚ್ಚಲು ಸಿಸ್ಟರ್ ನನ್ನನ್ನೇ ಕರೆಯುತ್ತಿದ್ದರು. "ಸ್ಟೆಡಿ ಹ್ಯಾಂಡ್ಸ್," ಎನ್ನುತ್ತಿದ್ದರು. ಆ ಸ್ಟೆಡಿ ಹ್ಯಾಂಡ್ಸ್ ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ನೆಗೆಣ್ಣಿ ಸೆರಗು ಸಿಕ್ಕಿಸಿ ಬಾಗಿದಳು. ಪಣತಿಯ ಬೆಳಕು ಅವಳ ಗಲ್ಲದ ಮೇಲೆ ಬಿತ್ತು. ಏನು ಚೆಂದ ಕಂಡಳು! ಆಮೇಲೆ ಪ್ರತಿವರ್ಷ ಅವಳೇ. ರಜೆಗೆ ಹೋದ ನನ್ನ ಮಗ ಎಣ್ಣೆಯ ಗಿಂಡಿ ಹಿಡಿದು ಅವಳ ಹಿಂದೆ.

ಪಾಡ್ಯದ ದಿನ ಯಾರೂ ಕರೆಯದಿದ್ದರೂ ನಾನೂ ಕಾರು ಹತ್ತಿದೆ. ಕರ್ಚೀಫನ್ನು ಬೇಕೆಂದೇ ಮನೆಯಲ್ಲಿ ಬಿಟ್ಟೆ. ಮೂಗು ಮುಚ್ಚಿಕೊಂಡಳು ಎಂದು ಯಾರೂ ಅನ್ನಬಾರದು. ಮುಂದಿನ ಸೀಟಿನಲ್ಲಿ, ಹಿಂದಿನ ದಿನವೇ ಬೀಡಿಯಿಂದ ಬಂದಿದ್ದ ನೆಗೆಣ್ಣಿ. ಮೊಣಕಾಲು ನೋವಂತೆ. ನನ್ನ ಮೊಣಕಾಲೇನು ಹೊಸದೇ? ಪೀರನವಾಡಿಯಿಂದ ಮಚ್ಛೆಯವರೆಗೂ ಇಬ್ಬರದೂ ಒಂದೇ ಮಾತು, ಒಂದೇ ನಗು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಪ್ಲಾಂಟಿನ ಕಸದ ಗುಂಡಿಗೆ ಬಂಕರ್ ಎನ್ನುತ್ತಾರೆ. ನಮ್ಮ ಅಪಾರ್ಟ್‌ಮೆಂಟೇ ಒಳಗೆ ಇಳಿದೀತು, ಅಷ್ಟು ಆಳ. ಮೇಲೆ ಗಾಜಿನ ಕ್ಯಾಬಿನ್ನಿನಲ್ಲಿ ಕುಳಿತ ಆಪರೇಟರ್ ಕ್ರೇನಿನ ಉಕ್ಕಿನ ಪಂಜದಿಂದ ಕಸ ಬಾಚಿ ಬಾಚಿ ಒಲೆಯ ಬಾಯಿಗೆ ಸುರಿಯುತ್ತಾನೆ. ನಮ್ಮನ್ನೂ ಆ ಕ್ಯಾಬಿನ್ನಿಗೇ ಕರೆದೊಯ್ದರು. ಕೆಲಸಗಾರರು ಹೂವು, ಕುಂಕುಮ, ಪಣತಿ ಎಲ್ಲ ಜೋಡಿಸಿಕೊಂಡು ನಿಂತಿದ್ದರು.

"ದೊಡ್ಡವ್ವ, ಇಲ್ಲೆ ಬರೇ ನೋಡು. ದೀಪ ಹೊರಗ ಗೇಟಿನ್ಯಾಗ ಇಡೂಣು," ಎಂದ ಮಗ. "ಕಸ ಕೊಳತು ಗ್ಯಾಸ್ ಆಗಿರತೈತಿ. ಇಲ್ಲಿ ಕಡ್ಡಿ ಕೊರಿಯಂಗಿಲ್ಲ."

"ಗೇಟಿಗಿಟ್ರ ಅದು ವಾಚಮನ್ನನ ದೀಪ ಆಗತೈತೋ ಯಪ್ಪಾ. ತಿಪ್ಪಿ ದೀಪ ಅಂದ್ರ ತಿಪ್ಪಿ ಮಾರಿಗೆ ಕಾಣಬೇಕು," ಎಂದಳು ನೆಗೆಣ್ಣಿ.

ಎಲ್ಲರೂ ಮುಖ ಮುಖ ನೋಡಿಕೊಂಡರು. ನನಗೆ ಒಳಗೊಳಗೇ ಖುಷಿ. ನನ್ನ ಪರ್ಸಿನಲ್ಲಿ ಖಡೇಬಜಾರಿನಲ್ಲಿ ಕೊಂಡ ಸೆಲ್ ಪಣತಿ ಇತ್ತು. ಫ್ಲ್ಯಾಟಿನ ಕಿಟಕಿಗೆ ನಾನು ಇಡುವುದು ಅದನ್ನೇ. ತೆಗೆದು ಸ್ವಿಚ್ ಒತ್ತಿ ಅಂಗೈಯ ಮೇಲಿಟ್ಟು ಹಿಡಿದೆ. "ಇದಕ್ಕ ಬೆಂಕಿ ಬೇಕಾಗಿಲ್ಲ," ಎಂದೆ.

"ಮಮ್ಮಿ, ಯು ಆರ್ ಎ ಜೀನಿಯಸ್!" ಎಂದ ಮಗ. ನನ್ನ ಅಂಗೈಯಿಂದ ದೀಪ ತೆಗೆದು ಅವಳ ಕೈಗೆ ಕೊಟ್ಟ.

ಅವಳು ಅದನ್ನು ಮೇಲೆ ಕೆಳಗೆ ತಿರುಗಿಸಿ, "ಇದಕ್ಕ ಎಣ್ಣಿ ಎಲ್ಲಿ ಹಾಕತಾರ?" ಎಂದಾಗ ಎಲ್ಲರೂ ನಕ್ಕರು. ನನ್ನ ಜಾಣತನಕ್ಕೆ ಯಾರೂ ಅಷ್ಟು ಸಂತೋಷಪಟ್ಟಿರಲಿಲ್ಲ. ಆಮೇಲೆ ಅವಳು ನನ್ನ ಕಡೆ ತಿರುಗಿ, "ದೀಪಾ ನಿಂದು. ನೀನ ಇಡು ತಂಗಿ," ಎಂದಳು.

ಖರೇ ಹೇಳುತ್ತೇನೆ, ಕೈ ಮುಂದೆ ಬಂದಿತ್ತು. ಬಾಯಿ ಮಾತ್ರ, "ನೋ ನೋ ಅಕ್ಕಾ, ನೀವು ಹಿರೇರು, ನೀವ ಇಡ್ರಿ" ಎಂದಿತು. ಕಾನ್ವೆಂಟಿನ ಮ್ಯಾನರ್ಸ್‌ಗೆ ಬೆಂಕಿ ಬೀಳಲಿ! ಇನ್ನೊಂದು ಸಲ ಹೇಳಿಯಾಳು ಎಂದು ಕಾದೆ. ಅವಳು ಹೇಳಲಿಲ್ಲ. ಸೆರಗು ಸಿಕ್ಕಿಸಿದಳು, ಬಾಗಿ ಗಾಜಿನ ಅಂಚಿಗೆ ದೀಪ ಇಟ್ಟಳು. ಅದರ ಪ್ರತಿಬಿಂಬ ಗಾಜಿನಲ್ಲಿ ಮೂಡಿ, ಆ ದೊಡ್ಡ ಕಸದ ಗುಡ್ಡದ ಮೇಲೆಯೇ ದೀಪ ಇಟ್ಟಂತೆ ಕಂಡಿತು. ಎಲ್ಲರೂ ಕೈ ಮುಗಿದರು. ನಾನೂ ಮುಗಿದೆ. ಫ್ಯಾಮಿಲಿ ಗ್ರೂಪಿಗೆ ಬಂದ ಫೋಟೋದಲ್ಲಿ ದೊಡ್ಡವ್ವ ಇದ್ದಾಳೆ, ದೀಪ ಇದೆ, ಅಂಚಿನಲ್ಲಿ ನನ್ನ ಪರ್ಸು ಇದೆ.

ಆಪರೇಟರುಗಳಿಗೆ ಆ ದೀಪ ಹಿಡಿಸಿ ಹಗಲು ರಾತ್ರಿ ಉರಿಸಿದರಂತೆ. ತುಳಸಿ ಲಗ್ನ ಮುಗಿಯುವುದರೊಳಗೆ ಮಗನ ಫೋನ್ ಬಂತು. "ಮಮ್ಮಿ, ದೀಪ ಆರೇತಿ. ಕೆಳಗಿನ ಮುಚ್ಚಳ ಬಿಚ್ಚಾಕ ಬರವಲ್ದು. ಹ್ಯಾಂಗ ತೆಗಿಬೇಕು?"

ಉಗುರಿನಿಂದ ಒತ್ತಿ ಎಡಕ್ಕೆ ತಿರುವಿದರೆ ಬರುತ್ತದೆ. ಅಷ್ಟೇ.

"ಅದು ಫೋನಿನ್ಯಾಗ ತಿಳಿಯಂಗಿಲ್ಲ. ಬಂದು ಕರಕೊಂಡ ಹೋಗು," ಎಂದೆ. "ದೊಡ್ಡವ್ವಗ ತ್ರಾಸ ಕೊಡಬ್ಯಾಡ ಮತ್ತ. ಪಾಪ, ಮೊಣಕಾಲ ನೋವು."

ಮುಂದಿನ ಸೀಟಿನಲ್ಲಿ ಕುಳಿತು ಹೋದೆ. ಕ್ಯಾಬಿನ್ನಿನಲ್ಲಿ ಹೊಸ ಸೆಲ್ ಹಾಕಿ, ಹಳೆಯವನ್ನು ಪರ್ಸಿಗೆ ಸೇರಿಸಿ, ಸೆರಗು ಸಿಕ್ಕಿಸಿಕೊಂಡೆ. ಬಾಗಿ ಅದೇ ಅಂಚಿಗೆ ದೀಪ ಇಟ್ಟೆ. ಕೆಳಗೆ ಪಂಜ ಬಾಯಿ ತೆರೆದು ಕಸದ ಮೇಲೆ ಇಳಿಯುತ್ತಿತ್ತು.

"ಫೋಟೋ ತಗೀಲೇನು ಮಮ್ಮಿ?" ಎಂದ ಮಗ, ನಗುತ್ತ.

"ತಗಿ," ಎಂದೆ. "ತಗದು ಬೀಡಿಗೂ ಕಳಸು."