ಹೊನವಾಡದ ಬೇವಿನ ದಿಮ್ಮಿ

ಮೌನೇಶ ಕಾಕಾ, ಬಬಲೇಶ್ವರಕ್ಕೆ ಆ ಹುಳವನ್ನು ತಂದವನು ನಾನು. ನೀವಲ್ಲ. ಮೂರು ವರ್ಷದಿಂದ ನಿಮ್ಮದೆಂದು ನೀವು ಹೊತ್ತು ತಿರುಗುತ್ತಿರುವ ತಪ್ಪು ನನ್ನದು — ಅದನ್ನು ನಿಮ್ಮ ಹೆಗಲಿಗೆ ಏರಿಸಿದವನೂ ನಾನೇ. ಅದೂ ಹಾಡಹಗಲೇ, ಊರ ಜನರೆದುರು.

ಆಗ ನನ್ನ ಕೆಲಸ ಏನಿತ್ತೆಂದು ನಿಮಗೆ ಗೊತ್ತು. ಹೊರದೇಶದ ಒಂದು ಪುಟ್ಟ ದುಂಬಿ, ಮರವನ್ನು ಒಳಗೊಳಗೇ ಕೊರೆದು ಒಣಗಿಸುವಂಥದ್ದು, ತಿಕೋಟಾ ಸೀಮೆಯಲ್ಲಿ ಕಾಣಿಸಿಕೊಂಡಿತ್ತು. ಅದಿನ್ನೂ ಮುಟ್ಟದ ಊರುಗಳನ್ನು ಸಜ್ಜು ಮಾಡಲು ಇಲಾಖೆಯವರು ನನ್ನನ್ನು ಕಳಿಸಿದ್ದರು. ಜೀಪಿನ ತುಂಬ ಭಿತ್ತಿಪತ್ರ ತುಂಬಿಕೊಂಡು ಊರೂರು ತಿರುಗುತ್ತಿದ್ದೆ. ಬುಡದಲ್ಲಿ ಜೋಳದ ಹಿಟ್ಟಿನಂಥ ಪುಡಿ ಬಿದ್ದಿದೆಯೇ ನೋಡಿ, ತೊಗಟೆಯಲ್ಲಿ ಸೂಜಿಮೊನೆಯಷ್ಟು ತೂತು ಇದೆಯೇ ನೋಡಿ — ಇದೇ ನನ್ನ ಪಾಠ. ನಿಮ್ಮೂರಿನ ಮೊದಲ ಸಭೆಯಲ್ಲಿ ಜನ ನಕ್ಕಿದ್ದರು. “ಕಾಳಿಗೆ ಹುಳಾ ಬೀಳಬಾರದಂತ ನಾವು ಬೇವಿನ ಎಲಿ ಹಾಕ್ತೇವ್ರಿ. ಬೇವಿಗೇ ಹುಳಾ ಬೀಳತಾವು ಅಂತೀರಲ್ಲ!” ನಾನು ನಗಲಿಲ್ಲ. ಮೇಜು ಕುಟ್ಟಿ ಹೇಳಿದ್ದೆ: “ಹುಳಾ ತಾನಾಗೇ ದೂರ ಹಾರೂದಿಲ್ರಿ. ನಾವು ಹೊತ್ಕೊಂಡು ಹೋದ ಕಟ್ಟಿಗಿ ಜೋಡಿ ಹೋಗತೈತಿ. ಕಡಿದ ಗಿಡದ ಒಂದು ಚಕ್ಕಿನೂ ಆ ಊರ ದಾಟಬಾರದು.” ನೀವು ಮುಂದಿನ ಸಾಲಿನಲ್ಲೇ ಕೂತು ತಲೆಯಾಡಿಸಿದಿರಿ.

ಹೇಳೋದು ಪುರಾಣ, ತಿನ್ನೋದು ಬದನೆಕಾಯಿ.

ಅದಾದ ಹತ್ತು ದಿನಕ್ಕೆ ತಿಕೋಟಾ ಸೀಮೆಯ ಹೊನವಾಡದಲ್ಲಿ, ನಮ್ಮ ಮನೆಯಂಗಳದ ಹುಳ ಬಿದ್ದ ಬೇವಿಗೆ, ಕಡಿಯಬೇಕೆಂಬ ಕೆಂಪು ಬಣ್ಣದ ಗುರುತನ್ನು ನಾನೇ ಹಾಕಬೇಕಾಯಿತು. ತಂಗಿ ಜರೀನಾ ಹುಟ್ಟಿದ ವರ್ಷ ಅಮ್ಮಿ ನೆಟ್ಟ ಮರ. ಅಮ್ಮಿ ಈಗಿಲ್ಲ. ನಿಮ್ಮೂರಿಗೆ ಸೊಸೆಯಾಗಿ ಬಂದ ಜರೀನಾ ಆಗ ಐದು ತಿಂಗಳ ಬಸುರಿ, ಫೋನಿನಲ್ಲಿ ಅತ್ತಳು. “ತೊಟ್ಟಲಾ ತವರಿನಿಂದ ಬರಬೇಕೋ ಭಾಯಾ. ಅಮ್ಮಿ ಹಚ್ಚಿದ ಗಿಡದ್ದು ಒಂದ ತೊಟ್ಟಲಕ್ಕ ಆಗೂವಷ್ಟರ ಉಳಸು.” ಮರವನ್ನು ಅಲ್ಲೇ ಕಡಿಸಿ, ಅಲ್ಲೇ ಸುಡಿಸಿದೆ — ಬುಡದ ಒಂದು ದಿಮ್ಮಿಯನ್ನು ಬಿಟ್ಟು. ಅದನ್ನು ಜೀಪಿನಲ್ಲಿ ಭಿತ್ತಿಪತ್ರಗಳ ಕೆಳಗೆ ಮುಚ್ಚಿ, ತೊಟ್ಟಿಲು ಮಾಡಿಕೊಡಲೆಂದು ಊರ ಬಡಿಗರಾದ ನಿಮ್ಮ ಅಂಗಳಕ್ಕೆ ತಂದಿಳಿಸಿದೆ. “ಸಿಟಿ ಕಟ್ಟಿಗಿ ಡಿಪೋದಿಂದ ತಂದೀನಿ” ಎಂದೆ. ನೀವು ನಂಬಿದಿರಿ.

ಅಮ್ಮಿಯ ನೆನಪಿಗಾಗಿ ಮಾಡಿದೆ ಎಂದು ಬರೆದರೆ ಓದಿದವರು ಕರಗಬಹುದು. ಆದರೆ ಅದು ಪೂರ್ತಿ ನಿಜವಲ್ಲ. ದಿಮ್ಮಿಯನ್ನು ನಾಲ್ಕು ಸಲ ಹೊರಳಿಸಿ ನೋಡಿದ್ದೆ, ತೂತು ಕಾಣಲಿಲ್ಲ. ನನ್ನ ಕಣ್ಣಿಗೆ ಬೀಳದ್ದು ಇಲ್ಲವೇ ಇಲ್ಲ ಎಂಬ ಸೊಕ್ಕು — ಮಾಡಿಸಿದ್ದು ಅದು. ನಿಯಮವಿದ್ದದ್ದು ಊರವರಿಗೆ, ಕಲಿತವನಾದ ನನಗಲ್ಲ ಎಂದುಕೊಂಡಿದ್ದೆ.

ತೊಟ್ಟಿಲು ಚೆಂದ ಆಯಿತು. ಕೂಸೂ ಹುಟ್ಟಿತು. ಆಮೇಲೆ ಒಂದು ಮಧ್ಯಾಹ್ನ ನಿಮ್ಮ ಫೋನು. “ಸರ, ನಮ್ಮ ಬಾಗಲದಾಗಿನ ಬೇವಿನ ಬುಡಕ್ಕ ಹಿಟ್ಟ ಬಿದ್ದಂಗ ಬಿದ್ದೈತ್ರಿ. ಲಗೂನ ಬರ್ರಿ.” ಮುಚ್ಚಿಡಬಹುದಿತ್ತು ನೀವು. ಮುಚ್ಚಿಡಲಿಲ್ಲ. ನಾನು ಕಲಿಸಿದ ಪಾಠವನ್ನು ಇಡೀ ಊರಿನಲ್ಲಿ ಚಾಚೂ ತಪ್ಪದೆ ಪಾಲಿಸಿದವರು ನೀವೊಬ್ಬರೇ.

ನಾನು ಬರುವಷ್ಟರಲ್ಲಿ ನಿಮ್ಮ ಅಂಗಳದಲ್ಲಿ ಜನ ಸೇರಿತ್ತು. ತೊಟ್ಟಿಲು ಮಾಡಿ ಅಳಿದುಳಿದ ತುಂಡುಗಳ ರಾಶಿಯನ್ನು ಕೆದಕಿದೆ. ಮೂರನೆಯದೋ ನಾಲ್ಕನೆಯದೋ ತುಂಡು ಕೈಗೆ ಬಂದಾಗ — ಅದರಲ್ಲಿ ಅರ್ಧ ಹೂತುಹೋದ ಕಬ್ಬಿಣದ ಬಳೆ. ಆಡು ಕಟ್ಟಲೆಂದು ನಮ್ಮಂಗಳದ ಬೇವಿಗೆ ನಮ್ಮಪ್ಪ ಜಡಿದದ್ದು. ಅದರ ಸುತ್ತ ಜರಡಿಯಂತೆ ತೂತುಗಳು. ಯಾರಾದರೂ ನೋಡಿದರೇ... ಯಾರೂ ನೋಡಿರಲಿಲ್ಲ. ಆಗಲೇ ಹೊತ್ತಿಸಿದ್ದ ಬೆಂಕಿಗೆ ಮೊದಲು ಆ ತುಂಡನ್ನೇ ಎಸೆದೆ. ಹಿಂದಿನಿಂದ ಒಬ್ಬರು ಕೇಳಿದರು, “ಎಲ್ಲಿಂದ ಬಂತ್ರಿ ಸರ ಇದು?”

ನೀವು ತಿಕೋಟಾ ಕಡೆಯಿಂದ ತರಿಸಿದ್ದ ಜಾಲಿ ಕಟ್ಟಿಗೆ ಮೂಲೆಯಲ್ಲಿ ಒಟ್ಟಿತ್ತು. ನನ್ನ ಬೆರಳು ಅತ್ತ ಹೋಯಿತು.

“ಆ ಜಾಲಿ ಕಟ್ಟಿಗಿಂದ.”

ಅಷ್ಟೇ ಹೇಳಿದ್ದು. ನಾನು ಮೊದಲ ಸಭೆ ಮಾಡುವ ಮುಂಚೆಯೇ ತಂದ ಕಟ್ಟಿಗೆ ಅದು. ಅದರಲ್ಲಿ ಒಂದು ತೂತೂ ಇರಲಿಲ್ಲ. ನೀವು ವಾದಿಸುತ್ತೀರಿ ಎಂದು ಕಾದೆ — ವಾದಿಸಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಇಲ್ಲ, ಒಪ್ಪಿಕೊಳ್ಳುತ್ತಿರಲಿಲ್ಲ. ನೀವು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು, “ಯಪ್ಪಾ, ನಾನ ತಂದ್ನಲ್ಲೋ ಈ ಮಾರೀನ ಊರಿಗೆ” ಎಂದಿರಿ.

ಆ ಓಣಿಯ ಬೇವುಗಳು ಒಂದಾದ ಮೇಲೊಂದು ಉರುಳಿದವು. ಮೊದಲು ಬಿದ್ದದ್ದು ನಿಮ್ಮ ಬಾಗಿಲ ಮರ, ನೀವು ಉಳಿ ಹಿಡಿದು ಕೂರುತ್ತಿದ್ದ ನೆರಳು. ಮರ ಕಡಿದಾಗಲೆಲ್ಲ ಆ ಮನೆಯವರ ಮುಂದೆ ಹೋಗಿ ಕೈಮುಗಿದಿರಿ. ಕೆಲವರು ಇರಲಿ ಬಿಡ್ರಿ ಎಂದರು. ಕೆಲವರು ಬಾಗಿಲು ಹಾಕಿಕೊಂಡರು. ನಿಮ್ಮ ಕೈಯ ಬಾಗಿಲು, ಮಂಚ ಬೇಡವೆಂದರು. ಇದೆಲ್ಲವನ್ನೂ ನಾನು ಪಟ್ಟಿ ಹಿಡಿದು, ಮರ ಎಣಿಸುತ್ತ, ನೋಡಿದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಶಿಕ್ಷೆ ಮಾತ್ರ ಹೊಲಕ್ಕೆ.

ಹೋದ ವಾರ ವಿಜಯಪುರದ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ನಿಮ್ಮನ್ನು ಕಂಡೆ. ಯಾರದೋ ಫರ್ನಿಚರ್ ಅಂಗಡಿಯಲ್ಲಿ ಪ್ಲೈವುಡ್ಡಿಗೆ ಪಾಲಿಶ್ ಹೊಡೆಯುತ್ತಿದ್ದಿರಿ. ನನ್ನನ್ನು ನೋಡಿ ಮುಖ ಅರಳಿತು ನಿಮ್ಮದು — ನನಗೆ ನಾಚಿಕೆಯಾಯಿತು ಕಾಕಾ, ಓಡಿಹೋಗಬೇಕೆನಿಸಿತು. ನೀವು ಒಂದು ಸಾಗವಾನಿ ಹಲಗೆಯನ್ನು ನನ್ನ ಮುಂದೆ ತಂದಿಟ್ಟಿರಿ. “ಸರ, ನೀವ ಒಮ್ಮಿ ನೋಡಿ ಹೇಳ್ರಿ. ಅವತ್ತಿನಿಂದ ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲ.” ನಾನು ನೋಡಿದೆ. “ಚೊಕ್ಕ ಐತಿ ಕಾಕಾ” ಎಂದೆ. ಚಹಾ ಕುಡಿದು ಬಂದೆ.

ಇನ್ನೊಂದು ಮಾತು ಉಳಿದಿದೆ. ಇದನ್ನು ಬರೆಯದೆ ಮುಗಿಸಿಬಿಡಬೇಕೆಂದು ಈಗಲೂ ಅನ್ನಿಸುತ್ತಿದೆ. ಆ ದಿಮ್ಮಿ ಇಳಿಸಿದ ದಿನ ನೀವು ಸುತ್ತಿಗೆಯ ಹಿಡಿಯಿಂದ ಅದನ್ನು ಎರಡು ಸಲ ಬಡಿದು, ಕಿವಿಗೊಟ್ಟು, “ಯಾಕೋ ಒಳಗ ಪೊಳ್ಳ ಸಪ್ಪಳ ಬರ್ತೈತ್ರೀ ಸರ” ಎಂದಿರಿ. ನಾನು ನಕ್ಕು, “ಹಸಿ ಕಟ್ಟಿಗಿ ಕಾಕಾ, ಹಂಗ ಇರತೈತಿ” ಎಂದೆ. ಕಲಿತವನ ಮಾತೆಂದು ನೀವು ಸುತ್ತಿಗೆ ಕೆಳಗಿಟ್ಟು ಗರಗಸ ಎತ್ತಿಕೊಂಡಿರಿ. ನಿಮಗೆ ಇದು ನೆನಪಿದೆಯೋ ಇಲ್ಲವೋ.

ನಾಳೆ ಬಂದು ನಿಮ್ಮೆದುರು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ಸೋಮವಾರ ಬಬಲೇಶ್ವರದಲ್ಲಿ ಅದೇ ಓಣಿಯವರು ಸೇರುತ್ತಾರೆ, ನಾನೇ ಕರೆದಿದ್ದೇನೆ. ನೀವು ಬರಬೇಕೆಂದೇನಿಲ್ಲ. ಅಲ್ಲಿ ನಾನು ಹೇಳುವುದು ಇಷ್ಟು: ಹುಳ ಒಳಗಿರುವುದು ಮೌನೇಶ ಬಡಿಗೇರರ ಕೈಗೆ ಮೊದಲ ದಿನವೇ ಗೊತ್ತಾಗಿತ್ತು. ಇಲ್ಲವೆಂದು ಹೇಳಿದವನು ನಾನು.