ಪಂಪ್ ಮೇಸ್ತ್ರಿ ಒರೆಸಿದ ಗಾಜು

ಪಂಪ್ ಮೇಸ್ತ್ರಿಯವರ ಎಡಗಿವಿಯ ಮುಂದೆ, ಕೆನ್ನೆ ಶುರುವಾಗುವಲ್ಲಿ, ಎಂಟಾಣೆ ಅಗಲದ ಒಂದು ಕಪ್ಪು ಗುರುತಿತ್ತು. ಹುಟ್ಟುಮಚ್ಚೆಯಲ್ಲ. ಓಡುತ್ತಿರುವ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಆನಿಸಿ, ಅದರ ಹಿಡಿಯನ್ನು ಕಿವಿಯ ಪಕ್ಕಕ್ಕೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಾ ನಿಲ್ಲುವುದು ಅವರ ಅಭ್ಯಾಸ. ವರ್ಷಗಟ್ಟಲೆ ಹಾಗೆ ಒತ್ತಿ ಒತ್ತಿ ಮಸಿ ಚರ್ಮದೊಳಕ್ಕೇ ಇಳಿದುಬಿಟ್ಟಿತ್ತು. ಅವರ ಹೆಂಡತಿ ಸೀಗೆಪುಡಿ, ನಿಂಬೆಹಣ್ಣು, ಸೀಮೆಎಣ್ಣೆ ಎಲ್ಲವನ್ನೂ ಹಾಕಿ ಉಜ್ಜಿ ಸೋತಿದ್ದರಂತೆ.

ಎಂಬತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ಹೆಗ್ಗನಹಳ್ಳಿಗೆ ಬಂದೆ. ನಮ್ಮವರ ಹೊಲವೆಲ್ಲ ಆಗಲೇ ಸೈಟುಗಳಾಗಿದ್ದವು. ಉಳಿದದ್ದು ಒಂದು ಮನೆ, ಮನೆಯ ಮುಂದೊಂದು ಶೀಟಿನ ಶೆಡ್ಡು, ಒಂದು ಹಳೆಯ ಲಾರಿ. ಲಾರಿಯನ್ನು ನಮ್ಮವರೇ ಓಡಿಸುತ್ತಿದ್ದರು. ಮಾಗಡಿ ರಸ್ತೆಯ ಆಚೆಯ ಕ್ವಾರಿಗಳಿಂದ ಜಲ್ಲಿ ತುಂಬಿ ವಿಜಯನಗರ, ಬಸವೇಶ್ವರನಗರದಲ್ಲಿ ಏಳುತ್ತಿದ್ದ ಮನೆಗಳಿಗೆ ಸುರಿದು ಬರುವುದು. ಶೆಡ್ಡಿನಲ್ಲಿ ಬಾಡಿಗೆಗಿದ್ದ ಮೇಸ್ತ್ರಿ ಡೀಸೆಲ್ ಪಂಪ್ ರಿಪೇರಿ ಮಾಡುತ್ತಿದ್ದರು. ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕು, ಯಾವಾಗ ಹೋಗಬೇಕು ಎಂದು ನಿರ್ಧರಿಸುವುದು ಈ ಪಂಪು. ಎಂಜಿನ್ನಿನ ಬೇರೆ ಯಾವ ಭಾಗವನ್ನೂ ಅವರು ಮುಟ್ಟುತ್ತಿರಲಿಲ್ಲ. ಕೇಳಿದರೆ, ನನ್ನ ಕೈ ಪಂಪಿನವರೆಗೆ ಮಾತ್ರ ಎನ್ನುತ್ತಿದ್ದರು.

ನಾನು ಕೊಡುತ್ತಿದ್ದ ಕಾಫಿಯನ್ನು ಕೈಗೆ ಡೀಸೆಲ್ ಆಗಿದೆಯೆಂದು ಎರಡು ಮಣಿಕಟ್ಟುಗಳ ನಡುವೆ ಲೋಟ ಹಿಡಿದು ಕುಡಿಯುತ್ತಿದ್ದರು. ನೋಡಲು ನಗು ಬರುತ್ತಿತ್ತು. ಒಂದು ದಿನವೂ ಚೆಲ್ಲಿದ್ದನ್ನು ನೋಡಲಿಲ್ಲ. ಅವರಿಗೆ ಬರುತ್ತಿದ್ದ ಬಿಡಿಭಾಗಗಳನ್ನು ಹಳೆಯ ವಾರಪತ್ರಿಕೆಗಳ ಹಾಳೆಯಲ್ಲಿ ಸುತ್ತಿರುತ್ತಿದ್ದರು. ಪಿಯುಸಿ ಓದಿದ ಸೊಸೆ ಓದಲು ಏನೂ ಇಲ್ಲದೆ ಅಕ್ಕಿಯ ಪೊಟ್ಟಣ ಬಿಡಿಸಿ ಓದುವುದನ್ನು ಯಾವತ್ತು ಕಂಡರೋ, ಆವತ್ತಿನಿಂದ ಆ ಹಾಳೆಗಳನ್ನು ತೊಡೆಯ ಮೇಲಿಟ್ಟು ನೀವಿ, ಮೇಲೊಂದು ನಟ್ಟು ಹೇರಿ ನಮ್ಮ ಕಾಂಪೌಂಡ್ ಗೋಡೆಯ ಮೇಲಿಡುತ್ತಿದ್ದರು. ನಾನು ಆ ಕಾಲದಲ್ಲಿ ಓದಿದ ಎಷ್ಟೋ ಕಥೆಗಳಿಗೆ ಕೊನೆಯ ಪುಟವೇ ಇರಲಿಲ್ಲ. ಕೊನೆಯನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ. ಬರೆಯುವ ಚಟ ನನಗೆ ಹತ್ತಿದ್ದು ಅಲ್ಲಿಂದ ಎಂದರೆ ಸುಳ್ಳಲ್ಲ.

ಅವರಿಗೆ ಇನ್ನೊಂದು ರೂಢಿಯಿತ್ತು. ಯಾವ ಗಾಡಿಯ ಪಂಪು ಕೂರಿಸಿದರೂ ಕೊನೆಗೆ ಡ್ರೈವರ್ ಸೀಟಿಗೆ ಹತ್ತಿ, ಒದ್ದೆ ಬಟ್ಟೆಯಿಂದ ಡ್ಯಾಶ್‌ಬೋರ್ಡಿನ ಗಾಜುಗಳನ್ನೆಲ್ಲ ಒರೆಸಿ, ಆಮೇಲೆಯೇ ಕೀಲಿಯನ್ನು ಎರಡೂ ಕೈಯಿಂದ ಕೊಡುವುದು. ಗಾಡಿ ಸುಳ್ಳು ಹೇಳುವುದಿಲ್ಲ, ಅದು ಹೇಳುವುದು ಡ್ರೈವರಿಗೆ ಕಾಣಬೇಕು ಅಷ್ಟೆ ಎಂಬುದು ಅವರ ಮಾತು.

ನಾನು ಬಂದು ಎರಡು ವರ್ಷವಾದಾಗ ನಮ್ಮ ಲಾರಿ ಲೋಡಿನಲ್ಲಿ ಏರು ಹತ್ತಲು ಒದ್ದಾಡತೊಡಗಿತು. ಪಂಪಿನ ಸೀಸದ ಮುದ್ರೆ ಒಡೆದು ಒಳಗಿನ ಸ್ಕ್ರೂ ತಿರುಗಿಸಿದರೆ ಡೀಸೆಲ್ ಹೆಚ್ಚು ಹೋಗುತ್ತದೆ, ಗಾಡಿ ಎಳೆಯುತ್ತದೆ. ಲಾರಿಯವರಲ್ಲಿ ಅನೇಕರು ಹಾಗೆ ಮಾಡಿಸಿಕೊಳ್ಳುತ್ತಿದ್ದರು. ನಮ್ಮವರು ಕೇಳಿದಾಗ ಮೇಸ್ತ್ರಿ ಒಪ್ಪಲಿಲ್ಲ. ಆಗ ನಮ್ಮವರು ನನ್ನನ್ನು ಮುಂದೆ ಬಿಟ್ಟರು. ಕಾಫಿ ಲೋಟ ಹಿಡಿದುಕೊಂಡು ಹೋಗಿ ನಾನೂ ಕೇಳಿದೆ. ಅವರು ಲೋಟವನ್ನು ಪೂರ್ತಿ ಮುಗಿಸಿ ಕೆಳಗಿಟ್ಟರು.

“ಅರ್ಧ ಸುತ್ತು ಕೊಡ್ತೀನಿ ಕಣವ್ವ. ನೀನು ಕೇಳ್ದೆ ಅಂತ.”

ಕೊಟ್ಟರು. ಪಂಪು ಕೂರಿಸಿದರು, ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿದರು, ಸೀಟಿಗೆ ಹತ್ತಿ ಗಾಜು ಒರೆಸಿದರು. ನಮ್ಮವರು ಒಂದು ಸುತ್ತು ಹೋಗಿಬಂದು ಗಾಡಿ ಹಾರುತ್ತದೆ ಎಂದು ಹಿಗ್ಗಿದರು. ಮನೆಯ ಮುಂದೆ ನಿಲ್ಲಿಸಿ, ಎಂಜಿನ್ ನಿಧಾನಕ್ಕೆ ಇಳಿದಾಗ, ಡ್ಯಾಶ್‌ಬೋರ್ಡಿನ ನಡುವೆ ಕೆಂಪು ದೀಪ ಹತ್ತಿತು. ಆಯಿಲ್ ಲೈಟು. ಎಂಜಿನ್ ಶುರುವಾದ ಮೇಲೆ ಅದು ಆರಿರಬೇಕು. ಹತ್ತಿದರೆ ಎಂಜಿನ್ನೊಳಗೆ ಆಯಿಲ್ಲಿನ ಒತ್ತಡ ಸಾಲುತ್ತಿಲ್ಲ ಎಂದರ್ಥ. ನಿನ್ನೆಯವರೆಗೆ ಇದು ಇರಲಿಲ್ಲವಲ್ಲ ಎಂದರು ನಮ್ಮವರು.

ಮುಂದಿನ ಆರು ದಿನ ಮೇಸ್ತ್ರಿ ಬೇರೆ ಯಾವ ಕೆಲಸವನ್ನೂ ಹಿಡಿಯಲಿಲ್ಲ. ಬೆಳಗಿನ ಟ್ರಿಪ್ಪು ಮುಗಿಸಿ ಲಾರಿ ಬಂದು ನಿಂತರೆ ಸಾಕು, ಅದರೊಳಗೆ ತಲೆ ಹಾಕುತ್ತಿದ್ದರು. ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದರು, ದೀಪ ಆರಲಿಲ್ಲ. ದೀಪದ ಸ್ವಿಚ್ಚು ಬದಲಾಯಿಸಿದರು, ವೈರು ಬದಲಾಯಿಸಿದರು. ಪಂಪಿನಿಂದ ಡೀಸೆಲ್ ಸೋರಿ ಆಯಿಲ್ಲಿಗೆ ಬೆರೆತರೆ ಆಯಿಲ್ ನೀರಾಗಿ ಹೀಗಾಗುವುದುಂಟಂತೆ. ಅದಕ್ಕೇ ಆಯಿಲ್ ಅಳೆಯುವ ಕಡ್ಡಿಯಿಂದ ಒಂದು ತೊಟ್ಟು ಬೆರಳಿಗೆ ಹಚ್ಚಿ ಉಜ್ಜುವರು, ಮೂಸುವರು, ಮತ್ತೆ ಉಜ್ಜುವರು. ಡೀಸೆಲ್ ವಾಸನೆಯಿಲ್ಲ. ಆದರೂ ತಮ್ಮ ಮೂಗನ್ನೇ ನಂಬದೆ ಪಂಪನ್ನು ಮೂರು ಸಲ ಬಿಚ್ಚಿ ಕೂರಿಸಿದರು. ನಾನಿಟ್ಟ ಕಾಫಿ ಲೋಟದಲ್ಲೇ ಆರಿ ಕೆನೆ ಕಟ್ಟುತ್ತಿತ್ತು. ತನ್ನ ಕೆಲಸದಲ್ಲಿ ತಪ್ಪು ಹುಡುಕಿ ಸಿಗದ ಮನುಷ್ಯನ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನಮ್ಮತ್ತೆ ಮಾತ್ರ ಎರಡನೆಯ ದಿನವೇ ತೀರ್ಪು ಕೊಟ್ಟಿದ್ದರು. ಸೊಸೆ ಲಾರಿಗೆ ಇಟ್ಟ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಕೈ ಅದು, ಕೆಂಪು ಹತ್ತದೆ ಇನ್ನೇನಾಗುತ್ತದೆ ಎಂದು. ಡ್ರೈವರನ ಹೆಂಡತಿ ಇಟ್ಟ ಕುಂಕುಮವನ್ನು ನಮ್ಮ ಕಡೆ ಯಾರೂ ಅಳಿಸುವುದಿಲ್ಲ. ಒಣಗಿದರೆ ಅದರ ಮೇಲೇ ಇನ್ನೊಂದು ಇಡುತ್ತಾರೆ. ಅತ್ತೆಯ ಮಾತಿಗೆ ನಮ್ಮವರು ನಕ್ಕರು, ಆದರೆ ಆವತ್ತಿನಿಂದ ಮೇಸ್ತ್ರಿಯ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ.

ಶುಕ್ರವಾರ ಬಂತು. ಲಾರಿಯ ಪೂಜೆ ನನ್ನ ಪಾಲಿನದು. ನಮ್ಮವರು ಎಂಜಿನ್ ಶುರುಮಾಡಿಟ್ಟು ಚಕ್ರದಡಿ ನಿಂಬೆಹಣ್ಣು ಇಡಲು ಇಳಿದರು. ನಾನು ಹತ್ತಿ ಸ್ಟಿಯರಿಂಗಿಗೆ ಒಂದು, ದೇವರ ಪಟಕ್ಕೆ ಒಂದು ಬೊಟ್ಟು ಇಟ್ಟೆ. ಮೂರನೆಯದಕ್ಕೆ ಬೆರಳು ತಾನೇ ತಾನಾಗಿ ಡ್ಯಾಶ್‌ಬೋರ್ಡಿನ ನಡುವಿನ ಪುಟ್ಟ ಗುಂಡು ಗಾಜಿಗೆ ಹೋಯಿತು. ಮದುವೆಯಾದಾಗಿನಿಂದ ಪ್ರತಿ ಶುಕ್ರವಾರ ಅಲ್ಲೇ ಇಡುತ್ತಿದ್ದೆ. ನನ್ನ ಕಣ್ಣಿಗೆ ಅದು ಲಾರಿಯ ಹಣೆ. ಗಂಧದ ಮೇಲೆ ಕುಂಕುಮ ಒತ್ತಿದೆ. ಕೆಂಪು ದೀಪ ಕಾಣದಾಯಿತು.

ದೀಪ ಮೊನ್ನೆ ಹತ್ತಿದ್ದಲ್ಲ. ನನ್ನ ಎರಡು ವರ್ಷದ ಶುಕ್ರವಾರಗಳ ಅಡಿಯಲ್ಲಿ ಎಂದಿನಿಂದ ಉರಿಯುತ್ತಿತ್ತೋ ಏನೋ. ಮೇಸ್ತ್ರಿ ಮಾಡಿದ್ದು ಅದನ್ನು ಒರೆಸಿ ತೋರಿಸಿದ್ದಷ್ಟೆ. ಸೆರಗಿನಿಂದ ಬೊಟ್ಟನ್ನು ಒರೆಸಿ ಇಳಿದುಬಿಟ್ಟೆ. ಯಾರೂ ನೋಡಲಿಲ್ಲ.

ನಮ್ಮವರು ಕ್ವಾರಿಗೆ ಹೋದಮೇಲೆ ಶೆಡ್ಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

“ನಿನ್ನೆ ಮೂರನೇ ಸಲ ಪಂಪ್ ಬಿಚ್ಚಿದಾಗ್ಲೇ ಗೊತ್ತಾಯ್ತು ಕಣವ್ವ. ಎಂಜಿನ್ ಬೇರಿಂಗು ಸವೆದು ಬಾಳ ದಿನ ಆಗೈತೆ, ಅದಕ್ಕೇ ಆಯಿಲ್ ಒತ್ತಡ ನಿಲ್ತಿಲ್ಲ. ಆವತ್ತು ಒರೆಸಿದ್ ಬಟ್ಟೆನೂ ಕೆಂಪಗಾಗಿತ್ತು.”

ಹಾಗಾದರೆ ಮನೆಯಲ್ಲಿ ಹೇಳುತ್ತೇನೆ ಎಂದೆ. ಅವರು ತಲೆಯೆತ್ತಿ ನಮ್ಮ ಮನೆಯ ಬಾಗಿಲ ಕಡೆ ನೋಡಿದರು.

“ಹೇಳ್ಬೇಡ. ನನ್ ಮೇಲಿದ್ರೆ ಅದು ಕೆಲಸದ ತಪ್ಪು. ನಿನ್ ಮೇಲೆ ಬಂದ್ರೆ ಕಾಲ್ಗುಣ ಅಂತಾರೆ. ಕೆಲಸದ ತಪ್ಪು ನಾಳೆ ಮರೀತಾರವ್ವ, ಕಾಲ್ಗುಣ ಮರೆಯಲ್ಲ.”

ಅವರು ಹೇಳಿದ್ದು ನಿಜ. ಎರಡು ವರ್ಷವಾದರೂ ಮಗುವಿಲ್ಲ, ಬಂದ ವರ್ಷವೇ ಎಮ್ಮೆ ಸತ್ತಿತು ಎಂದು ನನ್ನ ಕಾಲಿನ ಲೆಕ್ಕ ಆ ಮನೆಯಲ್ಲಿ ಆಗಲೇ ಶುರುವಾಗಿತ್ತು. ಎಂಜಿನ್ ಬಿಚ್ಚಿಸುವವರೆಗೆ ಲಾರಿ ಈಚೆಗೆ ತೆಗೆಯದಂತೆ ನಿನ್ನ ಗಂಡನಿಗೆ ನಾನು ಹೇಳುತ್ತೇನೆ, ನೀನು ಸುಮ್ಮನಿರು ಎಂದರು. ನಾನು ಸುಮ್ಮನಿದ್ದೆ. ಮನಸ್ಸಿನಲ್ಲಿ ಹಗುರವೂ ಆಯಿತು. ಅದನ್ನೂ ಒಪ್ಪಿಕೊಳ್ಳಬೇಕು.

ಸಂಜೆ ಅವರು ನಮ್ಮವರಿಗೆ ಹೇಳಿದರು. ಬೇರಿಂಗ್ ಹೋಗಿದೆ, ಗಾಡಿ ನಿಲ್ಲಿಸಿ ಎಂದು ಕೈಮುಗಿದರು. ನಾನು ಹೊಸ್ತಿಲಲ್ಲಿ ನಿಂತಿದ್ದೆ.

“ನೀವು ಕೆಡಿಸಿದ್ದಕ್ಕೆ ನಾನು ಎಂಜಿನ್ ಬಿಚ್ಚಿಸ್ಬೇಕಾ ಮೇಸ್ತ್ರಿ?” ಎಂದರು ನಮ್ಮವರು. “ಪಂಪ್ ಮುಟ್ಟೋಕ್ ಮುಂಚೆ ಈ ಲೈಟಿತ್ತಾ, ಹೇಳಿ.”

ಇತ್ತು ಎಂದು ಹೇಳಬಹುದಾಗಿದ್ದವರು ಇಬ್ಬರು. ಮೇಸ್ತ್ರಿ ನನ್ನ ಕಡೆ ಕಣ್ಣೂ ಹಾಯಿಸದೆ ತಲೆ ತಗ್ಗಿಸಿದರು. ನಾನೊಂದು ಮಾತು ಆಡಿದ್ದರೆ ನಮ್ಮವರು ಎಂಜಿನ್ ಬಿಚ್ಚಿಸುತ್ತಿದ್ದರು, ಅವರು ಮೂರ್ಖರಲ್ಲ. ಬೆಳಿಗ್ಗೆ ಲಾರಿ ಹೊರಟುಹೋಯಿತು. ನಾನು ಕೈಯಲ್ಲಿ ಪೊರಕೆ ಹಿಡಿದು ಅದು ತಿರುವು ದಾಟುವವರೆಗೂ ನೋಡುತ್ತಿದ್ದೆ.

ನಾಲ್ಕನೆಯ ದಿನ ಪೂರ್ತಿ ಲೋಡಿನಲ್ಲಿ ಏರು ಹತ್ತುವಾಗ ಎಂಜಿನ್ ಹಿಡಿದುಕೊಂಡು ನಿಂತುಬಿಟ್ಟಿತು. ದೇವರು ದೊಡ್ಡವನು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದರು, ಯಾರಿಗೂ ಏನೂ ಆಗಲಿಲ್ಲ. ಬಿನ್ನಿಪೇಟೆಯ ಎಂಜಿನ್ ಮೆಕಾನಿಕ್ ಬಿಚ್ಚಿ ನೋಡಿದಾಗ ಬೇರಿಂಗು ಕರಗಿ ಅಂಟಿಕೊಂಡಿತ್ತು. ಪಂಪಿನ ಸೀಲು ಒಡೆದವರು ಯಾರು ಎಂದು ಆತ ಒಂದೇ ಒಂದು ಪ್ರಶ್ನೆ ಕೇಳಿದನಂತೆ. ಪಕ್ಕದ ಸುಂಕದಕಟ್ಟೆಯ ಲಾರಿಯವರಿಗೆಲ್ಲ ಅಷ್ಟು ಸಾಕಾಯಿತು. ಎರಡು ತಿಂಗಳಲ್ಲಿ ಶೆಡ್ಡಿಗೆ ಒಂದೂ ಪಂಪು ಬರದಾಯಿತು. ಅರ್ಧ ಸುತ್ತು ಕೊಟ್ಟಿದ್ದು ನಾನೇ ತಾನೆ, ನನ್ನ ಪಾಲೂ ಇದೆಯಲ್ಲವ್ವ ಎಂದು ಮೇಸ್ತ್ರಿಯೇ ನನಗೆ ಸಮಾಧಾನ ಹೇಳಿದರು. ಖಾಲಿ ಮಾಡಿದ ದಿನ ಶೆಡ್ಡಿನ ಕೀಲಿಯನ್ನು ಅತ್ತೆಗೆ ಎರಡೂ ಕೈಯಿಂದ ಕೊಟ್ಟರು. ಗೋಡೆಯ ಮೇಲೆ ನೀವಿದ ಹಾಳೆಗಳ ಒಂದು ಕಟ್ಟಿತ್ತು, ಮೇಲೊಂದು ನಟ್ಟು.

ಅವರು ದೀಪಾಂಜಲಿ ನಗರದಲ್ಲಿ ಮನೆ ಮಾಡಿ ಯಾರದೋ ಶೆಡ್ಡಿನಲ್ಲಿ ಕೂಲಿಗೆ ಸೇರಿದರು ಎಂದು ಕೇಳಿದೆ. ಹೋಗಿ ನೋಡಬೇಕೆಂದುಕೊಂಡೇ ವರ್ಷಗಳು ಕಳೆದವು. ನನಗೆ ಎರಡು ಮಕ್ಕಳಾದವು, ಅತ್ತೆ ಹೋದರು, ಲಾರಿ ಮಾರಿದೆವು. ಆಗಲಾದರೂ ಹೇಳಬಹುದಿತ್ತು. ತಡವಾದಷ್ಟೂ ಹೇಳುವುದು ಕಷ್ಟವಾಗುತ್ತಾ ಹೋಯಿತು.

ಹೋಗಿದ್ದು ಅವರು ತೀರಿಕೊಂಡ ಸುದ್ದಿ ಬಂದಾಗ. ನಮ್ಮವರೂ ಬಂದಿದ್ದರು. ಸ್ನಾನ ಮಾಡಿಸಿ ಮಲಗಿಸಿದ್ದರು. ಎಡಗಿವಿಯ ಮುಂದಿನ ಗುರುತು ಹಾಗೇ ಇತ್ತು. ಈಗಲೂ ಉಜ್ಜಿದೆ, ಹೋಗಲಿಲ್ಲ ಎಂದರು ಅವರ ಹೆಂಡತಿ. ನಾನು ಆಕೆಯ ಕೈ ಹಿಡಿದುಕೊಂಡು, ಆವತ್ತಿನ ತಪ್ಪು ನಿಮ್ಮೆಜಮಾನರದಲ್ಲ ಎಂದು ಶುರುಮಾಡಿದೆ.

“ಗೊತ್ತು, ಆಗ್ಲೇ ಹೇಳಿದ್ರು” ಎಂದರು ಆಕೆ. “ನಿಮ್ಮನೇವ್ರಿಗೆ ಹೇಳಿದ್ರಾ?”

ಹೊರಗೆ ಚಪ್ಪರದಡಿ ನಮ್ಮವರು ಪಕ್ಕದವರಿಗೆ ಹೇಳುತ್ತಿದ್ದುದು ಒಳಗೆ ಕೇಳಿಸುತ್ತಿತ್ತು. ದೇವರಂಥ ಮನುಷ್ಯ, ನಮ್ಮ ಲಾರಿಯಲ್ಲಿ ಒಂದೇ ಒಂದು ಸಲ ಕೈ ತಪ್ಪಿತು ಅಷ್ಟೆ, ನಾನು ಮನಸ್ಸಿನಲ್ಲಿಟ್ಟುಕೊಂಡಿಲ್ಲ ಎನ್ನುತ್ತಿದ್ದರು. ಆಕೆಗೂ ಕೇಳಿಸಿತು. ನನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ದೀಪಕ್ಕೆ ಎಣ್ಣೆ ಹಾಕಲು ಎದ್ದರು.

ಬರೆದದ್ದನ್ನೆಲ್ಲ ಅಚ್ಚಿಗೆ ಕಳಿಸುವ ಮೊದಲು ನಮ್ಮವರ ಮುಂದಿಡುವುದು ನನ್ನ ರೂಢಿ. ಅವರು ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಓದುತ್ತಾರೆ. ಇದನ್ನೂ ಇಡುತ್ತೇನೆ.