ಹೊನ್ನೆಮರದ ನೆರಳಿನ ಕೇಸು

ನಲವತ್ತರ ದಶಕದ ಒಂದು ಬೇಸಿಗೆ. ನಾನು ಮಿರ್ಜಾನದ ಕಡೆಯ ಒಂದು ಚೌಕಿಗೆ ಹೊಸದಾಗಿ ಬಂದ ಪೊಲೀಸ್ ಪೇದೆ. ಮೇ ತಿಂಗಳ ಆ ಸೆಕೆಯಲ್ಲಿ ಜನ ಯಾವುದಕ್ಕೆ ಬೇಕಾದರೂ ಕೈ ಎತ್ತುತ್ತಿದ್ದರು. ಬಾವಿಯ ಹಗ್ಗಕ್ಕೆ, ಕೋಳಿಗೆ, ‘ಯಾಕೆ ನಕ್ಕೆ’ ಎಂಬುದಕ್ಕೆ. ಅನ್ನ ಆರಲಿಲ್ಲವೆಂದು ನಾನೇ ಒಮ್ಮೆ ತಟ್ಟೆಯನ್ನು ಅಂಗಳಕ್ಕೆ ಎಸೆದಿದ್ದೆ.

ಕೊನೆಗೆ ನೆರಳಿಗಾಗಿ ಒಂದು ತಲೆ ಒಡೆಯಿತು. ಹೊಳೆಯಲ್ಲಿ ಮೀನು ಹಿಡಿಯುವ ಇಬ್ಬರು. ದೊಡ್ಡವನ ತಂಗಿಯನ್ನು ಸಣ್ಣವನು ಮದುವೆಯಾಗಿದ್ದ. ಊಟ ಮುಗಿಸಿ ಹೊನ್ನೆಮರದಡಿ ಆಚೀಚೆ ಮಲಗಿದ್ದರು. ಬಿಸಿಲು ತಿರುಗಿದಂತೆ ನೆರಳು ಸರಿಯಿತು, ನಿದ್ದೆಗಣ್ಣಲ್ಲೇ ಇವರೂ ಸರಿದರು. ದೊಡ್ಡವನ ಕಾಲು ಸಣ್ಣವನ ಮೂಗಿಗೆ ತಾಗಿತು. ಸಣ್ಣವನು ಎದ್ದವನೇ ದೋಣಿಯ ಹುಟ್ಟು ಬೀಸಿದ.

ದೊಡ್ಡವನು ಚೌಕಿಗೆ ಬಂದು ಬರೆಸಿದ ಫಿರ್ಯಾದು ಅಂದೇ ಕುಮಟೆಗೆ ಹೋಯಿತು. ಮರುದಿನ ಸಣ್ಣವನ ಕೈಗೆ ಹಗ್ಗ ಕಟ್ಟಿ ಕುಮಟೆಗೆ ನಡೆಸಿಕೊಂಡು ಹೊರಟೆ. ಹತ್ತು ಮಾರು ಹಿಂದೆ, ತಲೆಗೆ ಪಂಚೆ ಸುತ್ತಿಕೊಂಡ ದೊಡ್ಡವನು ದಾರಿಯುದ್ದಕ್ಕೂ ಬೈಯುತ್ತ ಬಂದ. ಗದ್ದೆಬಯಲಿಗೆ ಬರುವಷ್ಟರಲ್ಲಿ ಆಕಾಶ ಕಪ್ಪಿಟ್ಟಿತು. ವರ್ಷದ ಮೊದಲ ಮಳೆ! ಹೊಯ್ದದ್ದೇ ಹೊಯ್ದದ್ದು. ಹಳ್ಳ ಉಕ್ಕಿತು, ಹೊಸನೀರಿಗೆ ಎದುರಾಗಿ ಈಜುತ್ತ ಮೀನೆಲ್ಲ ಗದ್ದೆ ಹತ್ತತೊಡಗಿದವು.

“ಒಡ್ಯಾ, ಹಗ್ಗ ಬಿಚ್ಚಿ! ಹತ್ತುಮೀನು ಬಂತು!” ಎಂದು ಆರೋಪಿ ಕುಣಿದ.

“ನೀ ಓಡಿಹೋದ್ರೆ ನಾ ಎಂತ ಮಾಡ್ಲಿ?”

“ಇಷ್ಟು ಮೀನು ಬಿಟ್ಟು ಎಲ್ಲಿಗೆ ಓಡ್ಲಿ?”

ಹಗ್ಗ ಬಿಚ್ಚಿದೆ. ಅಷ್ಟರಲ್ಲಿ ದೊಡ್ಡವನು ತಲೆಯ ಪಂಚೆ ಬಿಡಿಸಿ ನೀರಿಗೆ ಅಡ್ಡ ಹಿಡಿದಾಗಿತ್ತು. “ಭಾವ, ಆ ತುದಿ ಹಿಡ್ಕಾ! ಬೇಗ!” ನಾನು ಸರ್ಕಾರಿ ಟೊಪ್ಪಿಯಲ್ಲೇ ಮೊಗೆದೆ. ಒಂದು ಮೀನು ಅಂಗಿಯೊಳಗೆ ಹೊಕ್ಕು ಕಚಗುಳಿಯಿಟ್ಟಿತು. ನಕ್ಕು ನಕ್ಕು ಕೆಸರಲ್ಲಿ ಕೂತೆ. ಎಬ್ಬಿಸಲು ಬಂದ ಇಬ್ಬರೂ ನನ್ನ ಮೇಲೆಯೇ ಬಿದ್ದರು.

ಕುಮಟೆಯಲ್ಲಿ ಫೌಜದಾರರು ಜಗಲಿಗೆ ಬಂದು ಕೆಸರಿನ ಮುದ್ದೆಗಳಂತಿದ್ದ ಮೂವರನ್ನು ನೋಡಿದರು.

“ಇದ್ರಲ್ಲಿ ಆರೋಪಿ ಯಾರು?”

“ಯಾರೂ ಅಲ್ಲ ಸಾಹೇಬ್ರೆ,” ಎಂದ ದೊಡ್ಡವನು. “ತಲೆ ಮೇಲೆ ತೆಂಗಿನಕಾಯಿ ಬಿತ್ತು.”

“ನಿನ್ನೆ ಹುಟ್ಟಿನಲ್ಲಿ ಹೊಡ್ದ ಅಂದಿದ್ಯಲ್ಲ?”

“ನಿನ್ನೆ ಸೆಕೆ ಇತ್ತು.”

ಫೌಜದಾರರು ನಗು ತಡೆಯಲು ಮೀಸೆ ಕಚ್ಚಿಕೊಂಡರು. ಫಿರ್ಯಾದು ಅಲ್ಲಿಗೇ ಮುಗಿಯಿತು. ಟೊಪ್ಪಿಗೆ ಮೀನಿನ ವಾಸನೆ ಹಿಡಿಸಿದ್ದಕ್ಕೆ ನನಗೆ ಒಂದು ವಾರ ಹೆಚ್ಚಿನ ಪಹರೆ ಬಿತ್ತು. ಶಿಳ್ಳೆ ಹಾಕುತ್ತಲೇ ಮಾಡಿ ಮುಗಿಸಿದೆ.

ಮುಂದಿನ ಭಾನುವಾರ ಸಣ್ಣವನ ಮನೆಗೆ ಊಟಕ್ಕೆ ಕರೆದರು. ದೊಡ್ಡವನೂ ಬಂದಿದ್ದ. ಎರಡು ತುತ್ತಿಗೇ, ಅಂದಿನ ದೊಡ್ಡ ಮೀನು ಹಿಡಿದವರು ಯಾರೆಂದು ಕೂಗಾಟ ಶುರುವಾಯಿತು. ನಾನು ಗಾಬರಿಯಿಂದ ಏಳಹೋದೆ. ಬಡಿಸುತ್ತಿದ್ದ ತಂಗಿ ಸೌಟು ತೋರಿಸಿ ಕೂರಿಸಿದಳು.

“ಕೂತ್ಕಳಿ ಪೊಲೀಸ್ರೆ. ಇದು ಮಳೆಗಾಲದ ಜಗಳ, ಬಾಯಲ್ಲೇ ಮುಗೀತದೆ. ಇನ್ನೊಂಚೂರು ಸಾರು ಹಾಕೂದಾ?”